ಒಣಗಾಳಿ ಮತ್ತು ತದಡಿಯ ಉಪ್ಪು

ಚಳಿಗಾಲದ ಕೊನೆಗೆ ‘ಒಣಹವೆ, ಬಲವಾದ ಗಾಳಿ’ ಎಂಬ ಮುನ್ಸೂಚನೆ ಬಂದರೆ ತದಡಿಯ ಮೀನುಗಾರರು ದೋಣಿ ಇಳಿಸಲು ಹಿಂದೆಮುಂದೆ ನೋಡುತ್ತಾರೆ. ಹತ್ತಿರದ ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಆ ಹವೆಯೇ ಬೇಕು. ಭರತದಲ್ಲಿ ಅಘನಾಶಿನಿ ಅಳಿವೆಗೆ ನುಗ್ಗುವ ಉಪ್ಪುನೀರನ್ನು ಆಗರಕ್ಕೆ ಹಾಯಿಸುತ್ತಾರೆ; ಬಿಸಿಲಿಗೂ ಗಾಳಿಗೂ ನೀರು ಆರಿ ಹರಳು ಕಟ್ಟುತ್ತದೆ. ಅಕಾಲಿಕ ಮಳೆ ಬಿದ್ದರೆ ದುಡಿಮೆಯೆಲ್ಲ ನೀರುಪಾಲು.

ಬಿಸಿಲು, ಗಾಳಿ, ಕಡಲು ಪುಕ್ಕಟೆ ಕೊಟ್ಟ ಈ ಉಪ್ಪಿಗೆ ಬ್ರಿಟಿಷರು ಸುಂಕ ಹಾಕಿದ್ದರು. ಗಾಂಧೀಜಿ ದಾಂಡಿಯಲ್ಲಿ ಕಾನೂನು ಮುರಿದ ವಾರಕ್ಕೆ, 1930ರ ಏಪ್ರಿಲ್ 13ರಂದು, ತದಡಿಯಿಂದ ಉತ್ತರಕ್ಕಿರುವ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದೂ ಒಣಹವೆಯ ತಿಂಗಳೇ. ಸುಂಕ ರದ್ದಾಗಿದ್ದು 1947ರಲ್ಲಿ. ಇಂದು ಆಗರದವರಿಗೆ ಸುಂಕದ ಭಯವಿಲ್ಲ. ಕಣ್ಣು ಮಾತ್ರ ಮೋಡದ ಮೇಲೇ.