ದೇವರ ಮೀನು, ಗದ್ದೆಯ ಡೆಂಜಿ

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಮೀನುಗಳಿಗೊಂದು ಸ್ಮಾರಕ ಇದೆ. ಶಿಶಿಲೇಶ್ವರ ದೇವಸ್ಥಾನದ ಪಕ್ಕ ಹರಿಯುವ ಕಪಿಲಾ ಹೊಳೆಯ ಮೀನುಗಳು ದೇವರ ಮೀನುಗಳು. ಹಿಡಿಯುವಂತಿಲ್ಲ, ತಿನ್ನುವಂತಿಲ್ಲ. 1996ರಲ್ಲಿ ಯಾರೋ ದುಷ್ಕರ್ಮಿಗಳು ಆ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಅವುಗಳ ನೆನಪಿಗೆ ಕಲ್ಲು ನಿಂತಿತು. ನಿಲ್ಲಿಸಿದ್ದು ಸರಿಯೇ.

ಆದರೆ ಅದೇ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ 1980ರ ದಶಕದಿಂದ 2000ದವರೆಗೆ ವಿಷ ಸುರಿದವರು ದುಷ್ಕರ್ಮಿಗಳಲ್ಲ. ಸರ್ಕಾರದ್ದೇ ಗೇರು ಅಭಿವೃದ್ಧಿ ನಿಗಮ. ಗೇರಿನ ಚಿಗುರು, ಹೂವು ಹೀರಿ ಕರಟಿಸುವ ಟೀ ಸೊಳ್ಳೆಯನ್ನು ಕೊಲ್ಲಲಿಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಮಾಡಿದ್ದೂ ಇದನ್ನೇ.

ಗುಡ್ಡದ ಮೇಲೆ ಗೇರು, ಬುಡದಲ್ಲಿ ಬೈಲು, ನಡುವೆ ತೋಡು. ನಮ್ಮ ಕಡೆ ನೆಲ ಇರೋದೇ ಹಾಗೆ. ಮೇಲೆ ಬಿದ್ದದ್ದು ಕೆಳಗೆ ಬಾರದೆ ಎಲ್ಲಿಗೆ ಹೋದೀತು?

ಎಂಡೋಸಲ್ಫಾನ್ ಮೀನಿಗೆ ಕಡುವಿಷ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದೆರಡು ಪಾಲು ಒಂದು ಲೀಟರು ನೀರಿಗೆ ಬಿದ್ದರೆ ಸಾಕು, ಎಷ್ಟೋ ಜಾತಿಯ ಮೀನು ಸಾಯುತ್ತವೆ. ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ. ಕೆಸರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ. ಕೆಸರಿನ ಹುಳು ಸತ್ತರೆ ಮರಿಮೀನಿಗೆ ಕೂಳಿಲ್ಲ. ಮರಿಮೀನು ಹೋದರೆ ಮುಗುಡಿಗಿಲ್ಲ, ಮಿಂಚುಳ್ಳಿಗಿಲ್ಲ. ಸಾಯದೆ ಉಳಿದದ್ದು ವಿಷವನ್ನು ಮೈಯಲ್ಲಿಟ್ಟುಕೊಂಡು ತನ್ನನ್ನು ತಿನ್ನುವವರಿಗೆ ದಾಟಿಸುತ್ತದೆ. ಮೇಷ್ಟ್ರೇ, ಬೋರ್ಡಿನ ಮೇಲೆ ಆಹಾರ ಸರಪಳಿ ಬರೆದು ತುದಿಯಲ್ಲಿ ‘ಮನುಷ್ಯ’ ಅಂತ ನಿಲ್ಲಿಸುತ್ತೀರಲ್ಲ, ಯಾವ ಮನುಷ್ಯ?

ಮೀನು ಮುಟ್ಟದ ಮನೆಯವರು ಈ ಸರಪಳಿಯಲ್ಲಿಲ್ಲ. ದುಡ್ಡಿದ್ದವರಿಗೆ ಮಂಗಳೂರು ದಕ್ಕೆಯ ಕಡಲ ಮೀನಿದೆ. ತೋಡಿಗೆ, ಗದ್ದೆಯ ಬದುವಿಗೆ ಕೈ ಹಾಕಿದವರು ಕೂಲಿಯವರು: ಮೇರ, ಮುಗೇರ, ಮನ್ಸ, ಕೊರಗ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಏರಿ ಬರುವುದಕ್ಕೆ ತುಳುವಿನಲ್ಲಿ ಉಬರ್ ಅಂತಾರೆ. ಗುಡ್ಡದ ಮಣ್ಣು ತೊಳೆದು ಕೆಂಪು ನೀರು ಇಳಿಯುವುದೂ ಅದೇ ಮಳೆಗೆ. ಮುಂದೆ ಆಟಿ ತಿಂಗಳು. ಕೆಲಸವಿಲ್ಲ, ಮಡಕೆಯಲ್ಲಿ ಅಕ್ಕಿಯಿಲ್ಲ. ಡೆಂಜಿ, ಅಂದರೆ ಏಡಿ, ಆ ಹೊತ್ತಿನ ಊಟ.

ಇಲ್ಲೊಂದು ಎಚ್ಚರ ಬೇಕು. 1970ರ ದಶಕದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ದಲಿತರ ಸೊಂಟ, ಮೊಣಕಾಲು ಸವೆಯುವ ರೋಗ ಕಂಡಾಗ, ಕ್ರಿಮಿನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಅಂತ ಅನುಮಾನ ಎದ್ದಿತ್ತು. ಅದು ವಂಶವಾಹಿ ರೋಗ ಅಂತ ಆಮೇಲಿನ ಸಂಶೋಧನೆ ಹೇಳಿತು. ಹಾಗಾಗಿ ಕೊಕ್ಕಡದ ಕಾಯಿಲೆಯನ್ನೆಲ್ಲ ನಾನು ಡೆಂಜಿಯ ತಲೆಗೆ ಕಟ್ಟುವುದಿಲ್ಲ. ವಿಷ ಗಾಳಿಯಲ್ಲಿತ್ತು, ಬಾವಿಯಲ್ಲಿತ್ತು, ಮೈಮೇಲೇ ಬಿತ್ತು. ಬಡವರ ಬಾಯಿಯನ್ನೇ ದೂರುವುದು ಸುಲಭ, ಅಷ್ಟೇ.

2011ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಕೊಟ್ಟಿತು. ಹೋರಾಟದಿಂದ ಕೊಕ್ಕಡದಲ್ಲಿ ಪಾಲನಾ ಕೇಂದ್ರ ಬಂತು, ಮಾಸಾಶನ ಬಂತು. ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಅಳೆದು ಪಟ್ಟಿ ಮಾಡಿದರು. ತೋಡು ಕಳೆದುಕೊಂಡದ್ದಕ್ಕೆ ಶೇಕಡಾ ಎಷ್ಟು? ಈ ತೋಡುಗಳೆಲ್ಲ ನೇತ್ರಾವತಿ ಸೇರಿ ಬಂಟ್ವಾಳದ ತುಂಬೆಗೆ ಹೋಗುತ್ತವೆ. ಮಂಗಳೂರು ಕುಡಿಯುವುದು ಅಲ್ಲಿಯ ನೀರನ್ನೇ.

ಯಾವ ತೋಡಿನಲ್ಲಿ ಯಾವ ವರ್ಷ ಏನೇನು ಕಾಣದಾಯಿತು ಅನ್ನುವುದನ್ನು ನೇಜಿ ನೆಟ್ಟ ಹೆಂಗಸರನ್ನು ಕೇಳಬೇಕು. ಅವರಿಗೆ ವಯಸ್ಸಾಗಿದೆ. ಅಲ್ಲಿಯ ಮೇಷ್ಟ್ರುಗಳು ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟು ಕಳಿಸಿದರೆ, ಒಂದು ಮಳೆಗಾಲದಲ್ಲಿ ಬರೆದು ಮುಗಿಸಬಹುದು.