ತಗಾಲೋಗರ ಸ್ಪ್ಯಾನಿಷ್ ಪಾಠ

೧೬೧೦ನೆಯ ಇಸವಿಯಲ್ಲಿ ಫಿಲಿಪ್ಪೀನ್ಸ್ ದ್ವೀಪಗಳ ಬತಾನ್ ಪ್ರಾಂತದ ಒಂದು ಅಚ್ಚುಕೂಟದಿಂದ ಎರಡು ಭಾಷಾಗ್ರಂಥಗಳು ಹೊರಬಿದ್ದುವು. ಮೊದಲನೆಯದು ಬ್ಲಾಂಕಾಸ್ ದೆ ಸಾನ್ ಹೊಸೆ ಎಂಬ ಡೊಮಿನಿಕನ್ ಪಾದ್ರಿ ಬರೆದ ತಗಾಲೋಗ್ ಭಾಷೆಯ ವ್ಯಾಕರಣ. ಸ್ಪೇನಿನಿಂದ ಬರುವ ಪಾದ್ರಿಗಳು ಆ ನಾಡಿನ ಮಾತನ್ನು ಕಲಿತು ಮತಬೋಧೆ ಮಾಡಲೆಂದು ಅದನ್ನು ಸ್ಪ್ಯಾನಿಷಿನಲ್ಲಿ ಬರೆದಿದ್ದರು. ಅದನ್ನು ಮುದ್ರಿಸಿದವನು ಅಬುಕಾಯ್ ಊರಿನ ತೊಮಾಸ್ ಪಿನ್‌ಪಿನ್ ಎಂಬ ತಗಾಲೋಗ. ಎರಡನೆಯ ಪುಸ್ತಕವನ್ನು ಬರೆದವನು ಈ ಪಿನ್‌ಪಿನ್ನನೇ. ಅಚ್ಚು ಹಾಕಿದವನು ಅವನ ಊರಭಾಷೆಯವನೇ ಆದ ದಿಯೇಗೋ ತಲಘಾಯ್. ತಗಾಲೋಗರು ಸ್ಪ್ಯಾನಿಷ್ ಕಲಿಯುವುದು ಹೇಗೆ ಎಂಬುದೇ ಅದರ ವಿಷಯ. ಆಳುವವರು ಆಳಿಸಿಕೊಳ್ಳುವವರ ಮಾತನ್ನು ಕಲಿಯುವ ಪುಸ್ತಕಕ್ಕೆ ಹಗಲೆಲ್ಲ ಮೊಳೆ ಜೋಡಿಸಿದ ಕೈ, ಅದಕ್ಕೆ ಪ್ರತಿಯಾಗಿ ತನ್ನದೊಂದು ಪುಸ್ತಕವನ್ನು ಬರೆದಿಟ್ಟಿತು.

ವ್ಯಾಕರಣ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಮುದ್ರಕನಲ್ಲಿ ವಿಶೇಷ ಪ್ರೀತಿ. ನಮ್ಮಲ್ಲಿ ಭಟ್ಟಾಕಳಂಕದೇವನು ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದದ್ದು ೧೬೦೪ರಲ್ಲಿ. ಅದು ಪಂಡಿತರನ್ನು ಒಪ್ಪಿಸುವುದಕ್ಕಾಗಿ ಬರೆದ ಶಾಸ್ತ್ರ. ಆರು ವರ್ಷಗಳ ತರುವಾಯ, ಕಡಲಾಚೆ, ಪಂಡಿತನೆನಿಸದ ಒಬ್ಬ ಕೈಕಸುಬಿನವನು ಪರಭಾಷೆಯನ್ನು ತನ್ನವರಿಗೆ ತನ್ನ ಮಾತಿನಲ್ಲಿಯೇ ತಿಳಿಯಹೇಳಲು ಹೊರಟ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ತರವಲ್ಲ. ಆದರೂ ತರಗತಿಯಲ್ಲಿ ನಿಂತು ಹುಡುಗರ ಮುಖ ನೋಡುವವನಿಗೆ ಯಾರ ದಾರಿ ಹಿತವೆನಿಸುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಪಿನ್‌ಪಿನ್ ತನ್ನ ಮುನ್ನುಡಿಯಲ್ಲಿ ನೇರವಾಗಿ ನಾಡವರನ್ನು ಕುರಿತು ಮಾತನಾಡುತ್ತಾನೆ. ಕಾಸ್ತಿಲರ ಉಡುಪನ್ನು ತೊಡುತ್ತೇವೆ, ಅವರ ಆಯುಧ ಹಿಡಿಯುತ್ತೇವೆ, ಅವರ ನಡಿಗೆಯನ್ನು ಅನುಕರಿಸುತ್ತೇವೆ. ಮಾತೊಂದು ಬಾರದಿದ್ದರೆ ಇದೆಲ್ಲ ಏತಕ್ಕೆ ಬಂತು ಎಂಬುದು ಅವನ ಪ್ರಶ್ನೆಯ ತಾತ್ಪರ್ಯ. ಪುಸ್ತಕದ ಹೆಸರೂ ಸ್ವಾರಸ್ಯವಾದದ್ದು. ಅದರ ಮೊದಲ ಮಾತು ‘ಲಿಬ್ರೋಂಗ್’. ಸ್ಪ್ಯಾನಿಷಿನ ‘ಲಿಬ್ರೋ’ ಶಬ್ದಕ್ಕೆ ತಗಾಲೋಗಿನ ಪ್ರತ್ಯಯ ಹತ್ತಿದೆ, ನಾವು ‘ಬಸ್ಸಿನಲ್ಲಿ’ ಎಂದ ಹಾಗೆ. ಪಾಠ ಆರಂಭವಾಗುವ ಮುನ್ನವೇ ಒಂದು ಪದ ಕಲಿತಂತಾಯಿತು!

ಅವನೆದುರಿಗಿದ್ದ ತೊಡಕುಗಳು ಸಣ್ಣವಲ್ಲ. ತಗಾಲೋಗರಿಗೆ ಬಾಯ್‌ಬಾಯಿನ್ ಎಂಬ ಸ್ವಂತ ಲಿಪಿಯಿತ್ತು. ಅದೂ ನಮ್ಮ ಕನ್ನಡ ಲಿಪಿಯ ಹಾಗೆ ಬ್ರಾಹ್ಮಿಯ ವಂಶಕ್ಕೆ ಸೇರಿದ್ದು. ಅಕ್ಷರದ ಮೇಲೆ ಚುಕ್ಕೆಯಿಟ್ಟರೆ ಒಂದು ಸ್ವರ, ಕೆಳಗಿಟ್ಟರೆ ಮತ್ತೊಂದು. ಆದರೆ ಅದರಲ್ಲಿ ಮೂರೇ ಸ್ವರಗಳು. ಇಕಾರ ಎಕಾರಗಳಿಗೆ ಒಂದೇ ಗುರುತು, ಉಕಾರ ಒಕಾರಗಳಿಗೆ ಒಂದೇ ಗುರುತು. ಪದದ ಕೊನೆಯ ವ್ಯಂಜನವನ್ನು ಬರೆಯುವ ಏರ್ಪಾಡೇ ಇರಲಿಲ್ಲ. ಕಿವಿಯೂ ಅಷ್ಟೆ: ಇ-ಎ ಎಂಬ ಭೇದವನ್ನು ತಗಾಲೋಗ್ ಮಾತು ಕೇಳುತ್ತಿರಲಿಲ್ಲ. ಸ್ಪ್ಯಾನಿಷಿನಲ್ಲಾದರೋ ‘ಮಿಸಾ’ ಎಂದರೆ ದೇವರ ಪೂಜೆ, ‘ಮೆಸಾ’ ಎಂದರೆ ಊಟದ ಮೇಜು. ‘ಫ’ಕಾರದ ಸಂಗತಿಯೂ ಇಂಥದೇ. ಆ ಧ್ವನಿ ತಗಾಲೋಗಿನಲ್ಲಿ ಇಲ್ಲ. ‘ಫಿಯೆಸ್ತಾ’ ಅವರ ಬಾಯಲ್ಲಿ ‘ಪಿಯೆಸ್ತಾ’ ಆಯಿತು, ನಾಡಿನ ಹೆಸರೇ ‘ಪಿಲಿಪಿನಾಸ್’ ಆಯಿತು. ಹಳ್ಳಿಯ ಹೋಟೆಲಿನಲ್ಲಿ ‘ಕಾಪಿ’ ಕುಡಿದ ನಾವು ಇದಕ್ಕೆ ನಗಬೇಕಾದುದಿಲ್ಲ.

ಪಿನ್‌ಪಿನ್ ರೋಮನ್ ಅಕ್ಷರಗಳನ್ನು ಹಿಡಿದ. ತಗಾಲೋಗ್ ಮಾತಿನ ಪಕ್ಕದಲ್ಲಿ ಅದರ ಸ್ಪ್ಯಾನಿಷ್ ಮಾತನ್ನಿರಿಸುತ್ತ, ತಿಳಿದದ್ದರಿಂದ ತಿಳಿಯದ್ದಕ್ಕೆ ನಡೆಸಿಕೊಂಡು ಹೋದ. ಇದಕ್ಕಿಂತಲೂ ಮುಖ್ಯವಾಗಿ, ನಡುನಡುವೆ ಹಾಡುಗಳನ್ನು ಕಟ್ಟಿದ. ‘ಆವಿತ್’ ಎಂದು ಅವಕ್ಕೆ ಹೆಸರು. ತಗಾಲೋಗಿನದು ಒಂದು ಸಾಲು, ಅದರ ಬೆನ್ನಿಗೇ ಸ್ಪ್ಯಾನಿಷಿನದು ಒಂದು ಸಾಲು. ಹಾಡುತ್ತ ಹೋದ ಹಾಗೆ ಅರ್ಥ, ಉಚ್ಚಾರ ಎರಡೂ ನಾಲಗೆಗೆ ಹತ್ತುತ್ತವೆ. ಪುಸ್ತಕ ಕೈಯಲ್ಲಿಲ್ಲದಾಗಲೂ ಪಾಠ ನಡೆಯುತ್ತದೆ. ಹೀಗೆ ಎರಡು ಭಾಷೆಗಳನ್ನು ಹೆಣೆದು ಪದ್ಯ ಕಟ್ಟುವುದನ್ನು ಅವನಿಗಿಂತ ಮೊದಲು, ೧೬೦೫ರಲ್ಲಿಯೇ, ಫೆರ್ನಾಂದೋ ಬಗೊಂಗ್‌ಬಂತಾ ಎಂಬ ತಗಾಲೋಗ್ ಕವಿ ಮಾಡಿದ್ದುಂಟು. ಅದನ್ನು ಪಾಠಕ್ರಮವನ್ನಾಗಿ ಮಾಡಿದ್ದು ಪಿನ್‌ಪಿನ್ನನ ಹೆಚ್ಚುಗಾರಿಕೆ. ನಮ್ಮ ತಾತಂದಿರು ಅಮರವನ್ನು ರಾಗವಾಗಿ ಒಪ್ಪಿಸುತ್ತಿದ್ದುದನ್ನು ಕೇಳಿ ಬಲ್ಲವರಿಗೆ ಇದರ ಗುಣ ಗೊತ್ತು. ಈಗ ಮೊಬೈಲಿನಲ್ಲಿ ದಿನಕ್ಕೆ ಹತ್ತು ನಿಮಿಷದ ಸ್ಪ್ಯಾನಿಷ್ ಪಾಠ ಮಾಡುವ ತರುಣರು ಹಾಡು ಕೇಳಿ ಕಲಿಯುವುದನ್ನು ಹೊಸ ಉಪಾಯವೆಂದು ಹೇಳಿದಾಗ ನನಗೆ ಈ ಮುದ್ರಕನ ನೆನಪಾಗುತ್ತದೆ.

ಹೀಗೆ ಪುಸ್ತಕವಿತ್ತು, ಕ್ರಮವಿತ್ತು, ಕಲಿಯುವ ಆಸೆಯೂ ಇತ್ತು. ಆದರೂ ೧೫೬೫ರಿಂದ ೧೮೯೮ರ ವರೆಗೆ ಮುನ್ನೂರ ಮೂವತ್ತಮೂರು ವರ್ಷ ಸ್ಪೇನಿನ ಆಳ್ವಿಕೆಯಲ್ಲಿದ್ದ ಆ ನಾಡಿನಲ್ಲಿ ಸ್ಪ್ಯಾನಿಷ್ ಬಲ್ಲವರು ಕೊನೆಯವರೆಗೂ ಕೆಲವರೇ ಆಗಿ ಉಳಿದರು. ಇದೇಕೆ ಹೀಗಾಯಿತು? ಜನ ಮಂದಬುದ್ಧಿಗಳೆಂದು ಆಳುವವರು ಹೇಳಿದ್ದುಂಟು. ಅದು ಸುಳ್ಳೆಂಬುದಕ್ಕೆ ಪಿನ್‌ಪಿನ್ನನೇ ಸಾಕ್ಷಿ. ದೊರೆಗಳ ಆಜ್ಞೆಗಳೇನೋ ಕಲಿಸಿರೆಂದೇ ಹೇಳುತ್ತಿದ್ದುವು. ೧೭೭೦ರಲ್ಲಿ ಮೂರನೆಯ ಕಾರ್ಲೋಸ್ ಹೊರಡಿಸಿದ ಫರ್ಮಾನು ಪ್ರಸಿದ್ಧವಾಗಿದೆ. ಆದರೆ ಊರೂರಿನಲ್ಲಿದ್ದವನು ದೊರೆಯಲ್ಲ, ಪಾದ್ರಿ. ಅವನು ಜನರ ಭಾಷೆಯನ್ನು ಚೆನ್ನಾಗಿ ಕಲಿತ, ಕೋಶ ವ್ಯಾಕರಣಗಳನ್ನು ಬರೆದ. ಪಿನ್‌ಪಿನ್ನನೇ ದೊಮಿಂಗೋ ಲೋವಾಗ್ ಜೊತೆಗೂಡಿ ೧೬೧೩ರಲ್ಲಿ ಪಿಲಾ ಊರಿನಲ್ಲಿ ಮುದ್ರಿಸಿದ ದೊಡ್ಡ ತಗಾಲೋಗ್ ಕೋಶ ಅಂಥ ಒಬ್ಬ ಪಾದ್ರಿಯ ಕೃತಿ. ಈ ದುಡಿಮೆಯನ್ನು ನಾನು ಕಡೆಗಣಿಸಲಾರೆ. ಕಿಟ್ಟೆಲರ ಕೋಶವನ್ನು ದಿನವೂ ತಿರುವಿಹಾಕುವ ಕನ್ನಡಿಗನು ಹಾಗೆ ಮಾಡಿದರೆ ಕೃತಘ್ನನಾದಾನು. ಆದರೆ ಎರಡೂ ಭಾಷೆ ಬಲ್ಲವನು ಊರಿಗೆ ತಾನೊಬ್ಬನೇ ಆಗಿದ್ದರೆ ಸಿಗುವ ಅಧಿಕಾರವೂ ಸಣ್ಣದಲ್ಲ. ಜನರ ಅಹವಾಲು ಮೇಲೆ ಹೋಗಬೇಕಾದರೂ ಸರಕಾರದ ಮಾತು ಕೆಳಗೆ ಬರಬೇಕಾದರೂ ಅವನ ಬಾಯಿಂದಲೇ ಆಗಬೇಕಷ್ಟೆ.

ಪುಸ್ತಕವಿಲ್ಲದೆ ಕಲಿತವರೂ ಇದ್ದರು. ದಕ್ಷಿಣದ ಸಾಂಬೊವಾಂಗಾದಲ್ಲಿ ೧೬೩೫ರಲ್ಲಿ ಕೋಟೆ ಕಟ್ಟಿದರು. ಆ ಊರಿನಲ್ಲಿ ಸಿಪಾಯಿಗಳು, ಕೂಲಿಗಳು, ಸಂತೆಯವರು ಕಾಲಕ್ರಮದಲ್ಲಿ ತಮಗೆ ಬೇಕಾದಷ್ಟು ಸ್ಪ್ಯಾನಿಷನ್ನು ಕಿವಿಯಿಂದಲೇ ಎತ್ತಿಕೊಂಡರು. ಕ್ರಿಯಾಪದದ ರೂಪಾವಳಿಯನ್ನು ಸಾರಾಸಗಟಾಗಿ ಕೈಬಿಟ್ಟರು. ‘ಕೊಮೆ’ ಎಂಬ ಒಂದೇ ರೂಪ: ‘ತಾ ಕೊಮೆ’ ಎಂದರೆ ತಿನ್ನುವುದು, ‘ಯಾ ಕೊಮೆ’ ಎಂದರೆ ತಿಂದದ್ದು, ‘ಆಯ್ ಕೊಮೆ’ ಎಂದರೆ ಮುಂದೆ ತಿನ್ನಲಿರುವುದು. ವ್ಯಾಕರಣದ ಮೇಷ್ಟರು ಎದೆ ಬಡಿದುಕೊಳ್ಳಬಹುದು. ಆದರೆ ಚಾವಕಾನೋ ಎಂಬ ಈ ನುಡಿ ಇಂದಿಗೂ ಲಕ್ಷಾಂತರ ಜನರ ಮನೆಮಾತು.

೧೮೬೩ರಲ್ಲಿ ಊರಿಗೊಂದು ಗಂಡುಮಕ್ಕಳ ಶಾಲೆ, ಒಂದು ಹೆಣ್ಣುಮಕ್ಕಳ ಶಾಲೆ ಇರಬೇಕು, ಸ್ಪ್ಯಾನಿಷ್ ಕಲಿಸಬೇಕು ಎಂಬ ಕಾನೂನಾಯಿತು. ಕಾನೂನು ಕಾಗದದಲ್ಲಿ ಚೆನ್ನಾಗಿತ್ತು. ೧೮೮೮ರ ಡಿಸೆಂಬರ್ ೧೨ರಂದು ಗವರ್ನರ್ ಜನರಲ್ ವೇಯ್ಲರ್ ಮಾಲೋಲೋಸ್ ಪಟ್ಟಣಕ್ಕೆ ಬಂದಾಗ ಇಪ್ಪತ್ತು ಮಂದಿ ತರುಣಿಯರು ಆತನ ಕೈಗೆ ಒಂದು ಅರ್ಜಿಯಿತ್ತರು. ತಾವು ಸ್ಪ್ಯಾನಿಷ್ ಕಲಿಯಲು ಒಂದು ರಾತ್ರಿಶಾಲೆಯನ್ನು ತೆರೆಯಲು ಅಪ್ಪಣೆಯಾಗಬೇಕು, ಇಷ್ಟೇ ಬಿನ್ನಹ. ಊರ ಪಾದ್ರಿ ಅಡ್ಡಬಂದ. ತರುಣಿಯರು ಬಿಡಲಿಲ್ಲ. ಕೊನೆಗೆ ಖರ್ಚು ಅವರದೇ, ರಾತ್ರಿಯ ಬದಲು ಹಗಲು ಪಾಠ, ಉಪಾಧ್ಯಾಯಿನಿಯೇ ಕಲಿಸಬೇಕು ಎಂಬ ಕಟ್ಟಳೆಗಳ ಮೇಲೆ ೧೮೮೯ರಲ್ಲಿ ಶಾಲೆ ತೆರೆಯಿತು. ಕೆಲವೇ ತಿಂಗಳಲ್ಲಿ ಮುಚ್ಚಿತು. ಇವರನ್ನು ಅಭಿನಂದಿಸಿ ಹೊಸೆ ರಿಸಾಲ್ ಲಂಡನ್ನಿನಿಂದ ನೀಳವಾದ ಪತ್ರ ಬರೆದ. ತನ್ನ ಕಾದಂಬರಿಗಳನ್ನು ಸ್ಪ್ಯಾನಿಷಿನಲ್ಲಿ ಬರೆದವನು, ಸ್ಪ್ಯಾನಿಷಿಗಾಗಿ ಹೋರಾಡಿದ ಈ ತರುಣಿಯರಿಗೆ ಬರೆದದ್ದು ತಗಾಲೋಗಿನಲ್ಲಿ.

ರಿಸಾಲನ ಎರಡನೆಯ ಕಾದಂಬರಿ ‘ಎಲ್ ಫಿಲಿಬುಸ್ತೆರಿಸ್ಮೋ’ ೧೮೯೧ರಲ್ಲಿ ಹೊರಬಂತು. ಅದರಲ್ಲಿಯೂ ವಿದ್ಯಾರ್ಥಿಗಳು ಸ್ಪ್ಯಾನಿಷ್ ಕಲಿಸುವ ಒಂದು ಸಂಸ್ಥೆಗಾಗಿ ಸರಕಾರವನ್ನು ಬೇಡುತ್ತಾರೆ. ಸಂಸ್ಥೆಗೇನೋ ಒಪ್ಪಿಗೆ ಸಿಗುತ್ತದೆ; ಆದರೆ ಅದರ ಆಡಳಿತ ಪಾದ್ರಿಗಳ ಕೈಗೆ, ವಿದ್ಯಾರ್ಥಿಗಳಿಗೆ ವಂತಿಗೆ ಎತ್ತುವ ಕೆಲಸ! ೧೮೯೬ರ ಡಿಸೆಂಬರ್ ೩೦ರಂದು ರಿಸಾಲನನ್ನು ಗುಂಡಿಟ್ಟು ಕೊಂದರು. ಇದಾದ ಎರಡು ವರ್ಷ ಚಿಲ್ಲರೆ ದಿನಗಳಿಗೆ, ೧೮೯೯ರ ಜನವರಿಯಲ್ಲಿ, ಫಿಲಿಪ್ಪೀನ್ಸಿನ ಮೊದಲ ಗಣರಾಜ್ಯ ತನ್ನ ಸಂವಿಧಾನವನ್ನು ಸಾರಿತು. ಸಾರಿದ ಸ್ಥಳ ಆ ತರುಣಿಯರ ಮಾಲೋಲೋಸ್. ಬರೆದ ಭಾಷೆ ಸ್ಪ್ಯಾನಿಷ್. ನಾಡಿನ ಭಾಷೆಗಳಲ್ಲಿ ಯಾವುದನ್ನೂ ಯಾರ ಮೇಲೂ ಕಡ್ಡಾಯವಾಗಿ ಹೇರಬಾರದು, ಸರಕಾರಿ ವ್ಯವಹಾರಕ್ಕೆ ಸದ್ಯಕ್ಕೆ ಸ್ಪ್ಯಾನಿಷ್ ಇರಲಿ ಎಂದು ಅದರಲ್ಲಿ ಒಂದು ವಿಧಿಯಿತ್ತು.

ಅಮೆರಿಕದವರು ಬಂದು ಇಂಗ್ಲಿಷನ್ನು ತಂದ ಮೇಲೆ ಕಥೆ ಬೇರೆಯಾಯಿತು. ೧೯೫೨ರ ಒಂದು ಕಾನೂನು ಕಾಲೇಜುಗಳಲ್ಲಿ ಸ್ಪ್ಯಾನಿಷನ್ನು ಕಡ್ಡಾಯ ಮಾಡಿತು. ಅಜ್ಜಿಯರು ಬೇಡಿ ಪಡೆಯಲಾರದ ಪಾಠ ಮೊಮ್ಮಕ್ಕಳಿಗೆ ಪರೀಕ್ಷೆಯ ಹೊರೆಯಾಯಿತು. ೧೯೮೭ರ ಸಂವಿಧಾನ ಅದನ್ನು ಇಷ್ಟವಿದ್ದವರ ಪಾಲಿಗೆ ಬಿಟ್ಟಿತು. ಈಗ ಮನಿಲಾದಲ್ಲಿ ದೂರವಾಣಿ ಸೇವಾ ಕಚೇರಿಗಳು ಸ್ಪ್ಯಾನಿಷ್ ಬಲ್ಲವರಿಗೆ ಹೆಚ್ಚು ಸಂಬಳ ಕೊಡುವುದರಿಂದ ತರುಣರು ಕಾಸು ಕೊಟ್ಟು ಕಲಿಯುತ್ತಿದ್ದಾರೆ. ಅವರಿಗೆ ಒಂದು ಅನುಕೂಲವೂ ಇದೆ. ತಗಾಲೋಗಿನಲ್ಲಿ ಸಾವಿರಾರು ಸ್ಪ್ಯಾನಿಷ್ ಪದಗಳು ಮನೆಮಾಡಿವೆ. ಕುದುರೆ ‘ಕಬಾಯೋ’, ಕಿಟಕಿ ‘ಬಿಂತಾನಾ’, ಮೂರು ಗಂಟೆಗೆ ‘ಆಲಾಸ್ ತ್ರೆಸ್’. ಆದರೆ ಮನೆಗೆ ಬಂದ ನೆಂಟ ಕೆಲವೊಮ್ಮೆ ಬುದ್ಧಿ ಬದಲಿಸಿಕೊಂಡಿರುತ್ತಾನೆ. ಸ್ಪೇನಿನವನು ‘ಸೆಗೂರೋ’ ಎಂದರೆ ‘ಖಂಡಿತ’ ಎಂದರ್ಥ. ತಗಾಲೋಗನ ‘ಸಿಗೂರೋ’ ಅದೇ ಪದ; ಅರ್ಥ ಮಾತ್ರ ‘ಬಹುಶಃ’.