ಕೋವ್: ಅಗಲಿಕೆಯೇ ಬೆಳೆಸಿದ ಬಂದರು ಪಟ್ಟಣ

ಐರ್ಲೆಂಡ್ ದೇಶದ ದಕ್ಷಿಣ ಕರಾವಳಿಯಲ್ಲಿ, ಕಾರ್ಕ್ ನಗರಕ್ಕೆ ಸಮೀಪದ ಗ್ರೇಟ್ ಐಲೆಂಡ್ ಎಂಬ ದ್ವೀಪದ ಮೇಲಿರುವ ಪುಟ್ಟ ಬಂದರು ಪಟ್ಟಣ ಕೋವ್. 1848ರಿಂದ 1950ರವರೆಗೆ ಐರ್ಲೆಂಡ್ ತೊರೆದವರು ಸುಮಾರು 60 ಲಕ್ಷ ಜನ. ಅವರಲ್ಲಿ 25 ಲಕ್ಷದಷ್ಟು ಮಂದಿ ಹಡಗು ಹತ್ತಿದ್ದು ಇಲ್ಲಿಂದಲೇ ಎಂದು ಅಂದಾಜಿಸಲಾಗಿದೆ. ಹಳ್ಳಿಗಳು ಬರಿದಾದ ಕಾಲದಲ್ಲಿ, ಆ ವಲಸೆಯ ಆಸರೆಯಲ್ಲೇ ಬೆಳೆದ ಊರು ಇದು.

ಮೂರು ಹೆಸರು

ಇಂಗ್ಲಿಷಿನಲ್ಲಿ ಸಣ್ಣ ಕೊಲ್ಲಿಗೆ ‘ಕೋವ್’ ಎನ್ನುತ್ತಾರೆ. ಊರಿನ ಮೊದಲ ಹೆಸರೂ ಅದೇ. 1849ರ ಆಗಸ್ಟ್‌ನಲ್ಲಿ ವಿಕ್ಟೋರಿಯಾ ರಾಣಿ ಇಲ್ಲಿ ಬಂದಿಳಿದಾಗ, ಅವಳ ಗೌರವಾರ್ಥ ಊರನ್ನು ‘ಕ್ವೀನ್ಸ್‌ಟೌನ್’ ಎಂದು ಕರೆಯಲಾಯಿತು. ಆಗಿನ್ನೂ ಆಲೂಗಡ್ಡೆ ಬೆಳೆಯ ನಾಶದಿಂದ ಉಂಟಾದ ಮಹಾಕ್ಷಾಮ ಮುಗಿದಿರಲಿಲ್ಲ. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರೆ, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ರಾಣಿಯ ಹೆಸರನ್ನು ಕೈಬಿಟ್ಟು, ಹಳೆಯ ‘ಕೋವ್’ ಅನ್ನೇ ಐರಿಷ್ ಕಾಗುಣಿತದಲ್ಲಿ ಉಳಿಸಿಕೊಳ್ಳಲಾಯಿತು.

ಕೈದಿಗಳ ದ್ವೀಪ

ಇಲ್ಲಿಂದ ಹೊರಟವರೆಲ್ಲ ಸ್ವಇಚ್ಛೆಯಿಂದ ಹೊರಟವರಲ್ಲ. ಪಟ್ಟಣದ ಎದುರಿಗೇ ಇರುವ ಸ್ಪೈಕ್ ದ್ವೀಪದ ಕೋಟೆ 1847ರಿಂದ 1883ರವರೆಗೆ ಸೆರೆಮನೆಯಾಗಿತ್ತು. ಗಡೀಪಾರಿನ ಶಿಕ್ಷೆಗೆ ಒಳಗಾದವರನ್ನು ಹಡಗು ಬರುವವರೆಗೆ ಅಲ್ಲಿ ಇರಿಸಲಾಗುತ್ತಿತ್ತು. ರಾಷ್ಟ್ರವಾದಿ ಪತ್ರಕರ್ತ ಜಾನ್ ಮಿಚೆಲ್ ಅವರನ್ನು 1848ರಲ್ಲಿ ಬರ್ಮುಡಾಕ್ಕೆ ಸಾಗಿಸುವ ಮುನ್ನ ಇರಿಸಿದ್ದೂ ಇಲ್ಲಿಯೇ.

ಉಗಿಹಡಗು, ರೈಲು, ಅಂಚೆ

1838ರ ಏಪ್ರಿಲ್ 4ರಂದು ಕಾರ್ಕ್ ಬಂದರು ಬಿಟ್ಟ ‘ಸಿರಿಯಸ್’ ಎಂಬ ಉಗಿಹಡಗು 40 ಪ್ರಯಾಣಿಕರೊಂದಿಗೆ ಏಪ್ರಿಲ್ 22ರಂದು ನ್ಯೂಯಾರ್ಕ್ ತಲುಪಿತು. ಹಾಯಿಹಡಗುಗಳ ಯುಗ ಮುಗಿಯುತ್ತ ಬಂದಿರುವುದರ ಸೂಚನೆ ಅದಾಗಿತ್ತು. 1859ರಿಂದ ಲಿವರ್‌ಪೂಲ್‌ನ ದೊಡ್ಡ ಹಡಗುಗಳು ಅಮೆರಿಕದ ಹಾದಿಯಲ್ಲಿ ಇಲ್ಲಿ ನಿಲ್ಲತೊಡಗಿದವು. 1862ರಲ್ಲಿ ರೈಲುಮಾರ್ಗವೂ ಬಂತು. ಲಂಡನ್ನಿನ ಅಂಚೆಯು ಡಬ್ಲಿನ್ ಮೂಲಕ ರೈಲಿನಲ್ಲಿ ಇಲ್ಲಿಗೆ ಬಂದು, ಮೊದಲೇ ಲಿವರ್‌ಪೂಲ್ ಬಿಟ್ಟ ಹಡಗನ್ನು ಹಿಡಿಯುತ್ತಿತ್ತು. ದೊಡ್ಡ ಹಡಗುಗಳು ಬಂದರಿನ ಬಾಯಿಯ ಬಳಿ ಲಂಗರು ಹಾಕುತ್ತಿದ್ದವು. ಅಂಚೆಚೀಲಗಳನ್ನೂ ಪ್ರಯಾಣಿಕರನ್ನೂ ಚಿಕ್ಕ ಉಗಿದೋಣಿಗಳು ಕೊಂಡೊಯ್ಯುತ್ತಿದ್ದವು.

ಬದುಕಿರುವವರಿಗೆ ಜಾಗರಣೆ

ಹೊರಡುವ ಹಿಂದಿನ ರಾತ್ರಿ ಹಳ್ಳಿಯ ಮನೆಗಳಲ್ಲಿ ‘ಅಮೆರಿಕನ್ ವೇಕ್’ ಎಂಬ ಜಾಗರಣೆ ನಡೆಯುತ್ತಿತ್ತು. ಸತ್ತವರ ಮನೆಯಲ್ಲಿ ಮಾಡುವಂತೆ ನೆರೆಹೊರೆಯವರು ಸೇರಿ ಬೆಳಗಿನವರೆಗೆ ಹಾಡಿ, ಅಳುತ್ತಿದ್ದರು. ಹೋದವರು ಮರಳುವುದು ಅಪರೂಪವಾಗಿತ್ತು. ಮರಳಿ ಬರುತ್ತಿದ್ದುದು ಅವರು ಕಳುಹಿಸಿದ ಹಣ. ಆ ಹಣದಿಂದಲೇ ತಮ್ಮನೋ ತಂಗಿಯೋ ಮುಂದಿನ ಹಡಗಿನ ಟಿಕೆಟು ಕೊಳ್ಳುತ್ತಿದ್ದರು.

1868ರಲ್ಲಿ ಕಟ್ಟಲಾರಂಭಿಸಿದ ಸೇಂಟ್ ಕೋಲ್ಮನ್ ಕ್ಯಾಥೆಡ್ರಲ್‌ಗೂ ಹೊರದೇಶದ ಐರಿಷರು ದೇಣಿಗೆ ನೀಡಿದರು. ಸುಮಾರು 300 ಅಡಿ ಎತ್ತರದ ಅದರ ಗೋಪುರ ಪೂರ್ಣಗೊಂಡದ್ದು 1915ರಲ್ಲಿ.

ಆ್ಯನಿ ಮೂರ್

1891ರ ಡಿಸೆಂಬರ್ 20ರಂದು ಆ್ಯನಿ ಮೂರ್ ಎಂಬ 17ರ ಹುಡುಗಿ ಇಬ್ಬರು ತಮ್ಮಂದಿರೊಡನೆ ಇಲ್ಲಿ ‘ನೆವಾಡಾ’ ಹಡಗು ಹತ್ತಿದಳು. ತಂದೆತಾಯಿ ಮೊದಲೇ ನ್ಯೂಯಾರ್ಕ್ ಸೇರಿದ್ದರು. 1892ರ ಜನವರಿ 1ರಂದು ಎಲ್ಲಿಸ್ ದ್ವೀಪದ ಹೊಸ ವಲಸೆ ಕೇಂದ್ರದಲ್ಲಿ ಮೊದಲು ಹೆಸರು ಬರೆಸಿದ ಅವಳಿಗೆ 10 ಡಾಲರ್‌ನ ಚಿನ್ನದ ನಾಣ್ಯ ದೊರೆಯಿತು. 1924ರಲ್ಲಿ ಅವಳು ನ್ಯೂಯಾರ್ಕಿನಲ್ಲೇ ತೀರಿಕೊಂಡಳು.

ಕೋವ್‌ನ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ ಈಗ ವಲಸೆಯ ಇತಿಹಾಸ ಹೇಳುವ ವಸ್ತುಸಂಗ್ರಹಾಲಯವಿದೆ. ಸಮೀಪದಲ್ಲೇ, ನೀರಿನ ಅಂಚಿನಲ್ಲಿ, ಆ್ಯನಿ ಮತ್ತು ಅವಳ ತಮ್ಮಂದಿರ ಕಂಚಿನ ಪ್ರತಿಮೆ ನಿಂತಿದೆ. ಆ್ಯನಿಯ ಇನ್ನೊಂದು ಪ್ರತಿಮೆ ಇರುವುದು ಸಮುದ್ರದಾಚೆ, ಎಲ್ಲಿಸ್ ದ್ವೀಪದಲ್ಲಿ.